ಬಾಯಿಪಾಠದ ಪ್ರಾರ್ಥನೆ

ನಮ್ಮ ಅಜ್ಜಿಯವರು ಜಗಳವನ್ನು ತುಳುವಿನಲ್ಲಿಯೂ ಪ್ರಾರ್ಥನೆಯನ್ನು ಕನ್ನಡದಲ್ಲಿಯೂ ಮಾಡುತ್ತಿದ್ದರು. ಮಂಗಳೂರಿನ ಪ್ರಾಟೆಸ್ಟಂಟ್ ಮನೆಗಳಲ್ಲಿ ಇದು ವಿಶೇಷವೇನೂ ಅಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಈ ಕರಾವಳಿಗೆ ಬಂದಿಳಿದು, ತುಳುವನ್ನು ಶ್ರದ್ಧೆಯಿಂದ ಕಲಿತು, 1847ರಷ್ಟು ಹಿಂದೆಯೇ ಆ ಭಾಷೆಯಲ್ಲಿ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ್ದರಾದರೂ, ಶಾಲೆಯ ಪಾಠವೂ ದೇವಾಲಯದ ಆರಾಧನೆಯೂ ಬಹುಮಟ್ಟಿಗೆ ಕನ್ನಡದಲ್ಲಿಯೇ ನಡೆದುಬಂದುದರಿಂದ, ಮೀನು ಮಾರುವವಳೊಡನೆ ಆಡುವ ಮಾತು ಒಂದು, ದೇವರೊಡನೆ ಆಡುವ ಮಾತು ಇನ್ನೊಂದು ಎಂಬ ಏರ್ಪಾಡು ನಮ್ಮ ಹಿರಿಯರಲ್ಲಿ ಯಾರೂ ಗೊತ್ತುಮಾಡದೆಯೇ ಗೊತ್ತಾಗಿಹೋಗಿತ್ತು. ಅಜ್ಜನವರು 1865ರಲ್ಲಿ ಸ್ಥಾಪಿತವಾದ ಜಪ್ಪಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಅಲ್ಲಿ ಆವೆಮಣ್ಣಿಗೆ ಕೈಯಿಡುವುದಕ್ಕೆ ಮುನ್ನ ಪ್ರಾರ್ಥನೆ ನಡೆಯುತ್ತಿದ್ದುದನ್ನು ಅವರು ಹೇಳುತ್ತಿದ್ದರು. ಮನೆಯಲ್ಲಾದರೋ ಸಂಜೆಯ ದೀಪ ಹಚ್ಚಿದ ತರುವಾಯ ಚಾಪೆ ಹಾಸಿ, ಒಂದು ಸಂಗೀತ ಹಾಡಿ, ಸತ್ಯವೇದದ ಒಂದು ಅಧ್ಯಾಯವನ್ನು ಓದಿ, ಅಜ್ಜಿಯವರು ಕಣ್ಣು ಮುಚ್ಚಿ ಆರಂಭಿಸಿದ ಕರ್ತನ ಪ್ರಾರ್ಥನೆಯನ್ನು ನಾವು ಮಕ್ಕಳು ಅವರ ದನಿಯ ಹಿಂದೆ ಹಿಂದೆಯೇ ಹೇಳುತ್ತ ಹೋಗುವುದು ನಿತ್ಯನಿಯಮವಾಗಿತ್ತು.

ಅರ್ಥವನ್ನು ಅವರು ಎಂದೂ ವಿವರಿಸಲಿಲ್ಲ. ಕೇಳಿದರೆ, ಮೊದಲು ಬಾಯಿಗೆ ಬರಲಿ, ಅರ್ಥ ಬರುವಾಗ ಬರುತ್ತದೆ, ಎನ್ನುತ್ತಿದ್ದರು. ಇಂದಿನ ಶಿಕ್ಷಣಶಾಸ್ತ್ರಜ್ಞರು ಈ ಪದ್ಧತಿಯನ್ನು ಒಪ್ಪಲಾರರು; ಕಾಲೇಜಿನ ಮೆಟ್ಟಿಲು ಹತ್ತಿದ ಹೊಸದರಲ್ಲಿ ನಾನೂ ಒಪ್ಪಿರಲಿಲ್ಲ. ಪ್ರಾರ್ಥನೆಯೆಂದರೆ ಹೃದಯದ ಸಹಜೋದ್ಗಾರ, ಅದನ್ನು ಪರರ ಮಾತುಗಳಲ್ಲಿ ಒಪ್ಪಿಸುವುದು ದೇವರಿಗೂ ನಮಗೂ ಅಗೌರವ, ಎಂಬ ವಾದವನ್ನು ಆ ವಯಸ್ಸಿನಲ್ಲಿ ಯಾವ ತರುಣನು ತಾನೆ ಹೂಡಿರುವುದಿಲ್ಲ?

ಲೂಕನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯವನ್ನು ನಿಧಾನವಾಗಿ ಓದಿದಾಗ ಈ ವಾದದ ಬಿಸಿ ಇಳಿಯಿತು. ಯೇಸು ಒಂದು ಸ್ಥಳದಲ್ಲಿ ಪ್ರಾರ್ಥಿಸಿ ಮುಗಿಸಿದ ಬಳಿಕ ಶಿಷ್ಯರಲ್ಲೊಬ್ಬನು ಬಂದು, ಯೋಹಾನನು ತನ್ನ ಶಿಷ್ಯರಿಗೆ ಕಲಿಸಿದಂತೆ ನಮಗೂ ಪ್ರಾರ್ಥನೆಯನ್ನು ಕಲಿಸು ಎಂದು ಕೇಳುತ್ತಾನೆ. ಕೇಳಿದವನು ಪ್ರಾರ್ಥನೆಯ ಗಂಧವನ್ನೇ ಅರಿಯದ ಪಾಮರನಲ್ಲ. ಎಳೆತನದಿಂದ ದಾವೀದನ ಕೀರ್ತನೆಗಳನ್ನು ಕೇಳಿ ಬೆಳೆದ ಯೆಹೂದ್ಯನು. ಅಂತಹವನಿಗೂ ಕಲಿಯಬೇಕಾದುದು ಇನ್ನೂ ಉಳಿದಿದೆಯೆಂದು ತೋರಿತು. ಗುರುವೂ ಅವನಿಗೆ, ನಿನ್ನ ಹೃದಯಕ್ಕೆ ತೋಚಿದ್ದನ್ನು ನುಡಿ, ಎನ್ನಲಿಲ್ಲ. ಕಂಠಪಾಠಕ್ಕೆ ಒಗ್ಗುವಂತಹ ನಾಲ್ಕಾರು ವಾಕ್ಯಗಳನ್ನು ಕೊಟ್ಟನು. ಮತ್ತಾಯನಲ್ಲಿ ಅದೇ ಪ್ರಾರ್ಥನೆ ತುಸು ದೀರ್ಘವಾಗಿ, ಕೋಣೆಯ ಬಾಗಿಲು ಮುಚ್ಚಿ ಪ್ರಾರ್ಥಿಸಬೇಕೆಂಬ ಬೋಧೆಯ ಬೆನ್ನಿಗೇ ಬರುತ್ತದೆ. ಹಲವು ಶತಮಾನಗಳ ಕಾಲ ಕಣ್ಮರೆಯಾಗಿದ್ದು 1873ರಲ್ಲಿ ಕಾನ್‌ಸ್ಟಾಂಟಿನೋಪಲಿನ ಹಸ್ತಪ್ರತಿಯೊಂದರಲ್ಲಿ ದೊರೆತ ‘ದಿದಖೆ’ ಎಂಬ ಪುರಾತನ ಗ್ರೀಕ್ ಗ್ರಂಥವು, ಈ ಪ್ರಾರ್ಥನೆಯನ್ನು ದಿನಕ್ಕೆ ಮೂರಾವರ್ತಿ ಹೇಳಬೇಕೆಂದು ಆದಿ ಕ್ರೈಸ್ತರಿಗೆ ವಿಧಿಸುತ್ತದೆ. ನಮ್ಮ ಅಜ್ಜಿಯವರು ದಿದಖೆಯ ಹೆಸರನ್ನು ಕೇಳಿದವರಲ್ಲ. ಆದರೆ ಬೆಳಗ್ಗೆ ಎದ್ದೊಡನೆ, ಸಂಜೆ ಚಾಪೆಯ ಮೇಲೆ, ರಾತ್ರಿ ಹಾಸಿಗೆಯ ಬಳಿ, ಹೀಗೆ ಮೂರರ ಲೆಕ್ಕವನ್ನು ತಪ್ಪದೆ ಸಲ್ಲಿಸುತ್ತಿದ್ದರು.

ಅದೇ ದಿದಖೆಯಲ್ಲಿ ಪ್ರಾರ್ಥನೆಯ ಕೊನೆಗೆ ದೇವರ ಬಲವನ್ನೂ ಮಹಿಮೆಯನ್ನೂ ಕೊಂಡಾಡುವ ಮಾತೊಂದುಂಟು. ಲೂಕನಲ್ಲಿ ಅದಿಲ್ಲ, ಮತ್ತಾಯನ ಅತಿಪ್ರಾಚೀನ ಹಸ್ತಪ್ರತಿಗಳಲ್ಲಿಯೂ ಇಲ್ಲ. ಪಂಡಿತರಿಗೆ ಇದು ಪಾಠಾಂತರದ ಪ್ರಶ್ನೆಯಾದರೆ, ನಮಗೆ ಶಾಲೆಯಲ್ಲಿ ಇದು ಪ್ರತಿದಿನದ ವಿನೋದವಾಗಿತ್ತು. ಬೆಳಗಿನ ಪ್ರಾರ್ಥನೆಯಲ್ಲಿ ಕೆಥೋಲಿಕ್ ಹುಡುಗರು ಕೇಡಿನಿಂದ ಬಿಡುಗಡೆಯನ್ನು ಬೇಡಿದಲ್ಲಿಗೇ ನಿಲ್ಲಿಸಿ ಗಟ್ಟಿಯಾಗಿ ಆಮೆನ್ ಎಂದುಬಿಡುತ್ತಿದ್ದರು. ಪ್ರಾಟೆಸ್ಟಂಟರಾದ ನಾವು ಬಿಡದೆ ಮಹಿಮೆಯ ಮಾತಿನವರೆಗೆ ಓಡಿ, ಅವರಿಗಿಂತಲೂ ಗಟ್ಟಿಯಾಗಿ ಇನ್ನೊಂದು ಆಮೆನ್ ಹೇಳುತ್ತಿದ್ದೆವು. ಹದಿನಾರನೆಯ ಶತಮಾನದ ಮತಸುಧಾರಣೆಯಿಂದ ಯುರೋಪಿನಲ್ಲಿ ಎಷ್ಟು ಯುದ್ಧಗಳಾದವೋ, ನಮ್ಮ ಶಾಲೆಯಂಗಳದಲ್ಲಿ ಅದರ ಶೇಷವೆಂದರೆ ಈ ಎರಡು ಆಮೆನ್‌ಗಳ ಅಂತರ ಮಾತ್ರ. ಸಂಜೆ ಕೆಥೋಲಿಕ್ ನೆರೆಮನೆಗೆ ಹೋದರೆ ಅಲ್ಲಿ ಮನೆಮಂದಿಯೆಲ್ಲ ಮೊಣಕಾಲೂರಿ ಕೊಂಕಣಿಯಲ್ಲಿ ತೇರ್ಸ್ ಹೇಳುತ್ತಿರುವರು. ಜಪಸರದ ಮಣಿಗಳು ಒಂದೊಂದಾಗಿ ಸರಿದು ಮುಗಿದೊಡನೆ ಮಕ್ಕಳು ಹಿರಿಯರೆದುರು ಕೈಮುಗಿದು ಬೆಸಾಂವ್, ಎಂದರೆ ಆಶೀರ್ವಾದ, ಬೇಡುವರು. ಜಪಸರವನ್ನು ಮುಟ್ಟಕೂಡದೆಂದು ಮನೆಯಲ್ಲಿ ಕಟ್ಟಪ್ಪಣೆಯಿದ್ದರೂ, ಬೆಸಾಂವಿನ ಸಾಲಿನಲ್ಲಿ ನಾನೂ ನಿಂತು ಆ ಮನೆಯ ಮುದುಕಿಯ ಅಂಗೈಯ ಸ್ಪರ್ಶವನ್ನು ತಲೆಯ ಮೇಲೆ ಪಡೆದದ್ದುಂಟು. ಅದಕ್ಕೆ ದೇವತಾಶಾಸ್ತ್ರದ ಆಕ್ಷೇಪಣೆಯೇನಾದರೂ ಇದೆಯೋ ಇಲ್ಲವೋ, ನಾನು ವಿಚಾರಿಸಲು ಹೋಗಲಿಲ್ಲ.

ನಮ್ಮ ಸಭೆಯಲ್ಲಿ ಸಹಜೋದ್ಗಾರಕ್ಕೆ ಕೊರತೆಯಿತ್ತೆಂದು ಇದರಿಂದ ಭಾವಿಸಬಾರದು. ಸಭಾಪಾಲಕರು ಒಬ್ಬ ಹಿರಿಯರನ್ನು ಪ್ರಾರ್ಥಿಸಬೇಕೆಂದು ಕೇಳಿಕೊಂಡರೆ ಅವರು ಎದ್ದು, ಗಂಟಲು ಸರಿಮಾಡಿಕೊಂಡು, ಲೋಕಸೃಷ್ಟಿಯಿಂದ ಮೊದಲುಗೊಂಡು, ಇಸ್ರಾಯೇಲರನ್ನು ಕೆಂಪು ಸಮುದ್ರ ದಾಟಿಸಿ, ಸರ್ಕಾರದ ಅಧಿಕಾರಿಗಳಿಗೆ ಜ್ಞಾನವನ್ನೂ ಹೊಲಗಳಿಗೆ ಮಳೆಯನ್ನೂ ಬೇಡಿ, ಬಳಿಕ ಊರಿನ ವರ್ತಮಾನಕ್ಕೆ ಬರುವರು. ಕರ್ತನೇ, ನಿನಗೆ ತಿಳಿದೇ ಇರುವಂತೆ, ಎಂದು ಪೀಠಿಕೆ ಹಾಕಿ ಅವರು ದೇವರಿಗೆ ಅರಿಕೆ ಮಾಡುತ್ತಿದ್ದ ಸಂಗತಿಗಳಲ್ಲಿ ಬಹುಪಾಲು ದೇವರಿಗೆ ತಿಳಿದೇ ಇದ್ದವೆಂಬುದು ನಿಜ. ನಮಗೆ ಮಾತ್ರ ಅಲ್ಲಿಯವರೆಗೆ ತಿಳಿದಿರುತ್ತಿರಲಿಲ್ಲ. ಯಾರ ಮನೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಯಾವ ಯುವಕನು ಆರಾಧನೆಗೆ ಬರದೆ ಸಿನಿಮಾ ಮಂದಿರಕ್ಕೆ ಹೋಗುತ್ತಿದ್ದಾನೆ, ಎಂಬುದೆಲ್ಲ ಹೀಗೆಯೇ ಬಹಿರಂಗವಾಗುತ್ತಿತ್ತು. ತಮಾಷೆಯೆಂದರೆ, ತಾತ್ಕಾಲಿಕ ಸ್ಫೂರ್ತಿಯಿಂದ ಹೊಮ್ಮಿದುದೆನ್ನಲಾದ ಈ ಪ್ರಾರ್ಥನೆಯ ದಾರಿ ವರ್ಷಗಟ್ಟಲೆ ಕೇಳಿದ ನಮಗೆಲ್ಲ ಪಾಠವಾಗಿ, ಕೆಂಪು ಸಮುದ್ರ ಬಂತೆಂದರೆ ಇನ್ನೆಷ್ಟು ಉಳಿದಿದೆಯೆಂದು ಹಿಂದಿನ ಬೆಂಚಿನವರು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲವರಾಗಿದ್ದರು. ಪುಸ್ತಕದ ಪ್ರಾರ್ಥನೆಯನ್ನು ತೊರೆದವನು ಬಾಯಿಪಾಠದಿಂದ ಪಾರಾಗುತ್ತಾನೆಂಬ ನನ್ನ ತಾರುಣ್ಯದ ನಂಬಿಕೆಯು ಸಡಿಲಿದ್ದು ಆ ಬೆಂಚಿನ ಮೇಲೆಯೇ. ಬಾಯಿಪಾಠ ಹೇಗೂ ತಪ್ಪುವುದಿಲ್ಲವಾದರೆ, ನಮಗಿಂತ ಬಲ್ಲವರು ಕಟ್ಟಿಕೊಟ್ಟದ್ದನ್ನು ಪಾಠಮಾಡುವುದು ಲೇಸಲ್ಲವೇ ಎಂದು ನನಗೆ ತೋರತೊಡಗಿತು.

ಮಾರ್ಟಿನ್ ಲೂಥರನು ತನ್ನ ಕ್ಷೌರಿಕನಿಗಾಗಿ ಬರೆದ ಕಿರುಹೊತ್ತಗೆಯನ್ನು ನಾನು ಓದಿದ್ದು ಈ ಮನಸ್ಸಿನಲ್ಲಿರುವಾಗ. ವಿಟೆನ್‌ಬರ್ಗಿನ ಪೀಟರ್ ಬೆಸ್ಕೆಂಡೋರ್ಫ್ ಎಂಬ ಕ್ಷೌರಿಕನು, ಸಾಮಾನ್ಯನೊಬ್ಬನು ಪ್ರಾರ್ಥಿಸುವುದು ಹೇಗೆಂದು ಕೇಳಿದನಂತೆ. ಪೋಪರನ್ನೂ ಚಕ್ರವರ್ತಿಯನ್ನೂ ಎದುರುಹಾಕಿಕೊಂಡು, ಸತ್ಯವೇದವನ್ನು ಜರ್ಮನ್ ಭಾಷೆಗೆ ತಂದು, ಖ್ಯಾತಿಯ ಶಿಖರದಲ್ಲಿದ್ದ ಆ ಮನುಷ್ಯನು 1535ರಲ್ಲಿ ಈ ಪ್ರಶ್ನೆಗೆ ಉತ್ತರವಾಗಿ ಒಂದು ಪುಸ್ತಕವನ್ನೇ ಬರೆದು, ಒಳ್ಳೆಯ ಸ್ನೇಹಿತನೊಬ್ಬನಿಗಾಗಿ ಎಂದು ಅದರ ಮುಖಪುಟದಲ್ಲಿ ಅಚ್ಚು ಹಾಕಿಸಿದನು. ಪ್ರಾರ್ಥನೆಯಲ್ಲಿ ತನಗೂ ಜಡತೆಯುಂಟಾಗುತ್ತದೆ, ಆಗ ಕೀರ್ತನೆಗಳ ಪುಸ್ತಕವನ್ನು ಎತ್ತಿಕೊಂಡು ಕೋಣೆಗೋ ದೇವಾಲಯಕ್ಕೋ ಹೋಗಿ, ದಶಾಜ್ಞೆಗಳನ್ನೂ ವಿಶ್ವಾಸ ಪ್ರಮಾಣವನ್ನೂ ಮಕ್ಕಳಂತೆ ತನಗೆ ತಾನೇ ಒಪ್ಪಿಸಿಕೊಳ್ಳುತ್ತೇನೆ, ಎಂದು ಅವನು ಮೊದಲಿಗೇ ಹೇಳಿಬಿಡುತ್ತಾನೆ. ಇನ್ನೊಂದು ಗಳಿಗೆ ತಾಳು, ಈ ಕೆಲಸ ಮುಗಿಸಿ ಪ್ರಾರ್ಥಿಸೋಣ, ಎನ್ನುವ ಮನಸ್ಸಿನ ಉಪಾಯಕ್ಕೆ ಮರುಳಾಗಬೇಡವೆಂದು ಎಚ್ಚರಿಸುತ್ತಾನೆ. ಒಂದೊಂದು ಆಜ್ಞೆಯನ್ನೂ ನಾಲ್ಕು ಎಳೆಯ ಮಾಲೆಯಾಗಿ ಹೆಣೆಯಬೇಕಂತೆ: ಅದರಲ್ಲಿ ಬೋಧೆಯೇನು, ಕೃತಜ್ಞತೆಗೆ ಕಾರಣವೇನು, ಅರಿಕೆಮಾಡಬೇಕಾದ ಪಾಪವೇನು, ಬೇಡತಕ್ಕದ್ದೇನು, ಎಂದು. ಗಮನದ ವಿಷಯಕ್ಕೆ ಬಂದಾಗ ಓದುಗನ ಕಸುಬನ್ನೇ ಎತ್ತಿಕೊಂಡು, ಒಳ್ಳೆಯ ಕ್ಷೌರಿಕನು ಕಣ್ಣನ್ನೂ ಮನಸ್ಸನ್ನೂ ಕತ್ತಿಯ ಅಲಗಿನ ಮೇಲೆ ಇಟ್ಟಿರಬೇಕು, ಹರಟೆಗೆ ತೊಡಗಿದರೆ ಗಿರಾಕಿಯ ಮೂಗನ್ನೋ ಕೊರಳನ್ನೋ ಕೊಯ್ದಾನು, ಪ್ರಾರ್ಥಿಸುವವನ ಮನಸ್ಸೂ ಹಾಗೆಯೇ ಒಂದೆಡೆ ನಿಲ್ಲಬೇಕು, ಎನ್ನುತ್ತಾನೆ. ಐವತ್ತು ದಾಟಿದ ಆ ಘನ ಪಂಡಿತನು, ಕರ್ತನ ಪ್ರಾರ್ಥನೆಯನ್ನು ತಾನಿನ್ನೂ ಹಸುಗೂಸಿನಂತೆ ಹೀರುತ್ತಿರುವುದಾಗಿಯೂ ಅದರಿಂದ ತನಗೆ ತೃಪ್ತಿಯೇ ಇಲ್ಲವೆಂಬುದಾಗಿಯೂ ಬರೆದುದನ್ನು ಓದಿ, ಅರ್ಥ ಬರುವಾಗ ಬರುತ್ತದೆಯೆಂದ ಮುದುಕಿಯೊಬ್ಬಳ ಪಕ್ಷಕ್ಕೆ ಇಷ್ಟು ದೊಡ್ಡ ವಕೀಲನು ದೊರೆತನಲ್ಲಾ ಎಂದು ಹಿಗ್ಗಿದೆನು.

ಆದರೆ ಪೀಟರನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಪುಸ್ತಕ ಹೊರಬಂದ ಅದೇ ವರ್ಷದ ಈಸ್ಟರಿನ ಹಿಂದಿನ ದಿನ, ಮಗಳ ಮನೆಯಲ್ಲಿ ಊಟಕ್ಕೆ ಕುಳಿತು, ಕುಡಿದ ಅಮಲಿನಲ್ಲಿ ಅವನು ಅಳಿಯನನ್ನು ಚೂರಿಯಿಂದ ಇರಿದು ಕೊಂದನು. ತನ್ನ ದೇಹಕ್ಕೆ ಯಾವ ಆಯುಧವೂ ತಾಗದೆಂದು ಆ ಅಳಿಯನು ಜಂಬ ಕೊಚ್ಚಿದನೆಂದೂ, ಮಾವನು ಅದನ್ನು ಪರೀಕ್ಷಿಸಿ ನೋಡಿದನೆಂದೂ ಹೇಳುತ್ತಾರೆ. ಲೂಥರನೂ ಇತರರೂ ನಡುವೆ ಬಂದು ಬೇಡಿಕೊಂಡುದರಿಂದ ಮರಣದಂಡನೆ ತಪ್ಪಿತು. ಆಸ್ತಿ ಕಳೆದುಕೊಂಡು, ಊರು ಬಿಟ್ಟು ಹೋಗಬೇಕಾಯಿತು. ಕೈಯಲ್ಲಿ ಸದಾ ಕತ್ತಿಯನ್ನು ಎಚ್ಚರದಿಂದ ಹಿಡಿದ ಮನುಷ್ಯ, ಅದೇ ಎಚ್ಚರವನ್ನು ಪ್ರಾರ್ಥನೆಗೆ ತರುವ ಬಗೆಯನ್ನು ಲೋಕೈಕ ಗುರುವಿನಿಂದ ಕಲಿತವನು, ಒಂದು ಸಂಜೆಯ ಅಮಲಿನಲ್ಲಿ ಎರಡನ್ನೂ ಮರೆತನು. ಇದರಿಂದ ಆ ಹೊತ್ತಗೆ ವ್ಯರ್ಥವಾಯಿತೆಂದು ವಾದಿಸುವವರಿದ್ದಾರು. ನನಗೆ ಹಾಗೆ ತೋರುವುದಿಲ್ಲ. ಪ್ರಾರ್ಥನೆಯನ್ನು ತಾಯಿತವೆಂದು ತಿಳಿದವನಿಗೆ ಮಾತ್ರ ಈ ಕಥೆಯಿಂದ ಆಶಾಭಂಗವಾಗಬೇಕು. ಊರು ಬಿಟ್ಟು ಹೊರಟ ಪೀಟರನ ಬಾಯಲ್ಲಿ ಸ್ವಂತ ಮಾತುಗಳೇನೂ ಉಳಿದಿರಲಾರವು. ಅಂತಹ ಹೊತ್ತಿನಲ್ಲಿ ಯಾರ ಬಾಯಲ್ಲಿ ತಾನೆ ಉಳಿದಾವು? ಕ್ಷಮೆಯನ್ನು ಬೇಡುವ ವಾಕ್ಯವೊಂದು ಮೊದಲೇ ಪಾಠವಾಗಿದ್ದರೆ, ಅದನ್ನು ಹುಡುಕುವ ಶ್ರಮವಾದರೂ ಅವನಿಗೆ ತಪ್ಪಿರಬೇಕು. ಅಜ್ಜನವರು ತೀರಿಕೊಂಡ ರಾತ್ರಿ ನಮ್ಮ ಮನೆಯಲ್ಲಿ, ಕೆಂಪು ಸಮುದ್ರವನ್ನು ದಾಟಿಸುತ್ತಿದ್ದ ಹಿರಿಯರೂ ಸೇರಿದಂತೆ, ಯಾರೂ ಹೊಸದೇನನ್ನೂ ಹೇಳಲಿಲ್ಲವೆಂಬುದು ನನಗೆ ನೆನಪಿದೆ.

ರೂಢಿಯ ಮಾತನ್ನು ಬಿಡಬಾರದೆಂದು ಲೂಥರನು ಹಟ ಹಿಡಿದವನೂ ಅಲ್ಲ. ಪ್ರಾರ್ಥಿಸುತ್ತಿರುವಾಗ ಪವಿತ್ರಾತ್ಮನೇ ಒಳಗೆ ಬೋಧಿಸತೊಡಗಿದರೆ, ಪಾಠವನ್ನು ಅಲ್ಲಿಗೇ ಬಿಟ್ಟು ಸುಮ್ಮನೆ ಕೇಳಬೇಕೆಂದು ಅವನೇ ಹೇಳುತ್ತಾನೆ. ನನ್ನ ವಿಷಯದಲ್ಲಿ ಹಾಗಾಗುವುದು ಬಹಳ ಅಪರೂಪ. ಉಳಿದ ದಿನಗಳನ್ನೆಲ್ಲ ಪಾಠದ ಆಧಾರದಿಂದಲೇ ಕಳೆಯುತ್ತಿದ್ದೇನೆ.

ಇನ್ನು ಭಂಗಿಯ ಮಾತು. ಆದಿ ಕ್ರೈಸ್ತರು ನಿಂತು, ತೋಳುಗಳನ್ನು ಚಾಚಿ ಎತ್ತಿ, ಪೂರ್ವಕ್ಕೆ ಮುಖಮಾಡಿ ಪ್ರಾರ್ಥಿಸುತ್ತಿದ್ದರು. ರೋಮಿನ ಪ್ರಿಸಿಲ್ಲಾ ಭೂಗರ್ಭ ಸಮಾಧಿಗಳ ಗೋಡೆಯ ಮೇಲೆ ಹೀಗೆ ಕೈಯೆತ್ತಿ ನಿಂತ ಸ್ತ್ರೀಯೊಬ್ಬಳ ಚಿತ್ರವಿದೆ. ಅಂಗೈಗಳನ್ನು ಜೋಡಿಸುವ ಪದ್ಧತಿ ಪಶ್ಚಿಮದಲ್ಲಿ ಮಧ್ಯಯುಗದಲ್ಲಿ ಬಳಕೆಗೆ ಬಂದದ್ದು. ನಮಗೆ ಅದನ್ನು ಯಾವ ಮಿಷನರಿಯೂ ಕಲಿಸಬೇಕಾಗಿರಲಿಲ್ಲ. ಮಂಡಿಯೂರುವುದು ಮಾತ್ರ ನನಗೆ ಈಚೆಗೆ ದುಸ್ಸಾಧ್ಯವಾಗಿದೆ. ಮೊಣಕಾಲಿನ ಕೀಲುಗಳು ಬಗ್ಗುವಾಗ ಒಂದು ಬಗೆಯ ಸದ್ದನ್ನೂ ಏಳುವಾಗ ಇನ್ನೊಂದು ಬಗೆಯ ಸದ್ದನ್ನೂ ಮಾಡಿ ಅಕ್ಕಪಕ್ಕದವರ ಏಕಾಗ್ರತೆಯನ್ನು ಕೆಡಿಸುತ್ತವೆ. ಆದ್ದರಿಂದ 325ರ ನೈಸಿಯಾ ಮಹಾಸಭೆಯ ಇಪ್ಪತ್ತನೆಯ ವಿಧಿಯನ್ನು ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಕರ್ತನ ದಿನದಲ್ಲಿಯೂ, ಈಸ್ಟರಿನಿಂದ ಪಂಚಾಶತ್ತಮ ದಿನದವರೆಗೂ ಯಾರೂ ಮೊಣಕಾಲೂರಕೂಡದು, ನಿಂತೇ ಪ್ರಾರ್ಥಿಸಬೇಕು, ಎಂದು ಆ ಪಿತೃಗಳು ಸ್ಪಷ್ಟವಾಗಿ ಕಟ್ಟುಮಾಡಿದ್ದಾರೆ. ಇದನ್ನು ನಮ್ಮ ಸಭಾಪಾಲಕರ ಗಮನಕ್ಕೆ ತಂದಾಗ ಅವರು ನಸುನಕ್ಕು, ಭಾನುವಾರಕ್ಕಾಯಿತು, ಬುಧವಾರದ ಪ್ರಾರ್ಥನಾಕೂಟಕ್ಕೆ ಏನು ಆಧಾರ, ಎಂದರು. ಹುಡುಕುತ್ತಿದ್ದೇನೆ.