ಕೆಪ್ಪ ಜೋಗದಲ್ಲಿ ಕಿವಿಗೆ ಬಿದ್ದ ಮಾತು

ಮೊನ್ನೆ ಮೊಮ್ಮಗ ಮೊಬೈಲಿನಲ್ಲಿ ಸಿನಿಮಾ ಹಾಡು ನೋಡುತ್ತಿದ್ದ. ಜಲಪಾತದ ಮುಂದೆ ಕುಣಿತ. “ಅಜ್ಜಾ, ಇದು ನೀನು ಹೇಳ್ತಿದ್ದ ಕೆಪ್ಪ ಜೋಗಾನಾ?” ಎಂದ. “ಅಲ್ಲ ಮರೀ, ಅಲ್ಲಿ ಒಂದು ಸಿನಿಮಾ ಆಗೋದಿತ್ತು. ತಪ್ಪಿಸಿದವನು ನಾನೇ” ಎಂದೆ. ಅವನು ಮೊಬೈಲನ್ನು ಕೆಳಗಿಟ್ಟ. ಹಾಗಾಗುವುದು ಅಪರೂಪ, ಅದಕ್ಕೇ ಪೂರ್ತಿ ಕಥೆ ಹೇಳಿದೆ.

1983ರ ಅಕ್ಟೋಬರ್. ನಾನು ಸಿದ್ದಾಪುರದಲ್ಲಿ ಬ್ಯಾಂಕ್ ಗುಮಾಸ್ತ. ಒಂದು ಶನಿವಾರ ಸಿನಿಮಾದವರೊಬ್ಬರು ಡ್ರಾಫ್ಟ್ ಹಿಡಿದು ಕೌಂಟರಿಗೆ ಬಂದರು. ಜೋಗವನ್ನು ಎಲ್ಲರೂ ತೋರಿಸಿಯಾಗಿದೆ, ಹೊಸ ಜಲಪಾತ ಬೇಕು ಎಂದರು. ನಾನು ಉಂಚಳ್ಳಿಯ ಹೆಸರು ಹೇಳಿದೆ. ಭಾನುವಾರ ಬೆಳಿಗ್ಗೆ ಅವರ ಜೀಪಿನಲ್ಲಿ ಮುಂದಿನ ಸೀಟು ನನ್ನದೇ!

ಶಿರಸಿಯಲ್ಲಿ ಹುಟ್ಟುವ ಅಘನಾಶಿನಿ ನದಿ ಉಂಚಳ್ಳಿಯಲ್ಲಿ 116 ಮೀಟರ್ ಆಳದ ಕಣಿವೆಗೆ ಧುಮುಕುತ್ತದೆ. 1845ರಲ್ಲಿ ಅದನ್ನು ಕಂಡ ಕಲೆಕ್ಟರ್ ಲಷಿಂಗ್ಟನ್ ಹೆಸರೂ ಅದಕ್ಕಿದೆ. ಊರವರಿಗೆ ಮಾತ್ರ ಅದು ಕೆಪ್ಪ ಜೋಗ. ಆ ಭೋರ್ಗರೆತದಲ್ಲಿ ಎಂಥವರ ಕಿವಿಯೂ ಕೆಪ್ಪಾಗುತ್ತದೆ.

ಹೆಗ್ಗರಣೆಯ ಆಚೆ ಕಾಡಿನಲ್ಲಿ ನಡಿಗೆ. ದಾರಿ ತೋರಿಸಲು ಅಡಿಕೆ ತೋಟದ ಅಜ್ಜರೊಬ್ಬರು ಬಂದರು. ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡರೂ ಉಂಬಳ ಬಿಡಲಿಲ್ಲ.

ಸಿನಿಮಾದವರು ಜಾಗ ನೋಡುವ ರೀತಿಯೇ ಬೇರೆ ಮಕ್ಕಳೇ. ನಾವು ನೀರು ನೋಡಿದರೆ ಅವರು ಬಿಸಿಲು ನೋಡುತ್ತಾರೆ. ಆಳದ ಕಣಿವೆಗೆ ಬಿಸಿಲು ಇಳಿಯುವುದು ಎಷ್ಟು ಹೊತ್ತಿಗೆ? ಜನರೇಟರ್ ವ್ಯಾನ್ ಎಲ್ಲಿಯವರೆಗೆ ಬಂದೀತು? ಅಲ್ಲಿಂದ ಕ್ಯಾಮೆರಾ ಪೆಟ್ಟಿಗೆ ಹೊರಲು ಎಷ್ಟು ಆಳು? ನಾಯಕಿ ಸೀರೆ ಬದಲಿಸುವುದೆಲ್ಲಿ? ತುಂತುರು ಹಾರಿ ಲೆನ್ಸ್ ಒದ್ದೆಯಾದರೆ? ನಿರ್ದೇಶಕರ ಕೂಗು ಕೇಳುವುದಿಲ್ಲವಲ್ಲ, ಹಾಗಾಗಿ ರೈಲ್ವೆ ಗಾರ್ಡ್‌ನಂತೆ ಹಸಿರು ಬಟ್ಟೆ ಬೀಸುವುದೆಂದು ತೀರ್ಮಾನವಾಯಿತು. ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡರು.

ಕೆಳಗೆ ನೀರಿನ ನಡುವೆ ಚಪ್ಪಟೆ ಬಂಡೆಯೊಂದು ಕಂಡಿತು. ನಿರ್ದೇಶಕರು ಬೆರಳುಗಳಲ್ಲೇ ಚೌಕಟ್ಟು ಕಟ್ಟಿ ನೋಡಿದರು. ಹತ್ತು ಹುಡುಗಿಯರು ಅಲ್ಲೇ ಕುಣಿಯಬೇಕು ಎಂದು ಕೈಸನ್ನೆ ಮಾಡಿದರು. ಆಗ ಅಜ್ಜ ನನ್ನ ಕಿವಿಗೆ ಬಾಯಿಟ್ಟು ಹೇಳಿದರು: “ತಮಾ, ಆ ಬಂಡೆ ಮೇಲೆ ಯಾರನ್ನೂ ನಿಲ್ಸಡ. ಶಿರಸಿ ಬದಿಗೆ ಮಳೆ ಬಿದ್ರೆ ಇಲ್ಲಿ ಬಿಸಿಲಿದ್ರೂ ನೀರು ಏರ್ತು.”

ನಿರ್ದೇಶಕರು ಏನಂತೆ ಎಂಬಂತೆ ಹುಬ್ಬು ಹಾರಿಸಿದರು. ನಾನು ಹೆಬ್ಬೆರಳೆತ್ತಿ ನಕ್ಕೆ.

ಯಾಕೆಂದರೆ, ಬರುವಾಗ ಜೀಪಿನಲ್ಲಿ ಅವರು ನನಗೊಂದು ಪೋಸ್ಟ್‌ಮ್ಯಾನ್ ಪಾತ್ರ ಕೊಡುತ್ತೇನೆ ಎಂದಿದ್ದರು. ಒಂದೇ ಸೀನು, ಎರಡು ಮಾತು. ಅಷ್ಟರಲ್ಲೇ ನಾನು ಮನಸ್ಸಿನಲ್ಲಿ ಖಾಕಿ ತೊಟ್ಟಾಗಿತ್ತು.

ವಾಪಸು ನಡೆಯುವಾಗ ಅಜ್ಜ ಮುಂದೆ, ನಾನು ಹಿಂದೆ. ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ. ನಾನು ವಿಷಯ ತಿಳಿಸಿದ್ದೇನೆಂದೇ ನಂಬಿದ್ದರು. ಅಘನಾಶಿನಿಗೆ ಅಣೆಕಟ್ಟಿಲ್ಲ. ನೀರು ಬಿಡುವ ಮುಂಚೆ ಸೈರನ್ ಕೂಗಿ ಎಚ್ಚರಿಸಲು ಅಲ್ಲಿ ಯಾರೂ ಇಲ್ಲ. ಕಾಡಿನಲ್ಲಿ ಶಬ್ದ ಇಳಿಯುತ್ತಾ ಬಂದ ಹಾಗೆ ಅಜ್ಜನ ಮಾತೇ ನನ್ನ ಕಿವಿಯಲ್ಲಿ ಜೋರಾಯಿತು. ಲೆಡ್ಜರಿನಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಎಂಟರವರೆಗೆ ಕೂರುವ ನಾನು ಹತ್ತು ಮಂದಿಯ ಜೀವ ಲೆಕ್ಕಕ್ಕೆ ಹಿಡಿಯದೆ ಹೊರಟಿದ್ದೆ.

ಜೀಪು ಸ್ಟಾರ್ಟ್ ಆಗುವ ಮೊದಲು ಹೇಳಿಬಿಟ್ಟೆ. ಅಜ್ಜ ಏನೆಂದರು, ನಾನೇಕೆ ಮುಚ್ಚಿಟ್ಟೆ, ಎರಡನ್ನೂ. ನಿರ್ದೇಶಕರು ಸ್ವಲ್ಪ ಹೊತ್ತು ಸುಮ್ಮನಿದ್ದು ಡೈರಿ ತೆರೆದು ಆ ಪುಟಕ್ಕೆ ಅಡ್ಡಗೆರೆ ಎಳೆದರು. ಸಿದ್ದಾಪುರದವರೆಗೂ ಯಾರೂ ಮಾತಾಡಲಿಲ್ಲ. ನಾನು ಹಿಂದಿನ ಸೀಟಿನಲ್ಲಿದ್ದೆ.

ಆ ಹಾಡನ್ನು ಕೊನೆಗೆ ಯಾವುದೋ ತೋಟದಲ್ಲಿ ತೆಗೆದರು. ಸಿನಿಮಾ ಶಿರಸಿಗೆ ಬಂದಾಗ ಹೋಗಿ ನೋಡಿದೆ.

“ಪೋಸ್ಟ್‌ಮ್ಯಾನ್ ಇದ್ದನಾ ಅಜ್ಜಾ?” ಮೊಮ್ಮಗ ಕೇಳಿದ.

“ಇದ್ದ. ಕಾಗದ ಕೊಡೋಕೆ ಬಂದವನು ಚೀಲ ತರೋದನ್ನೇ ಮರೆತಿದ್ದ!”