ಆರಾಧನೆಗೆ ಮೊದಲಿನ ಬಾಕಿ

ಕಡೂರು ತಾಲೂಕಿನ ಯಗಟಿ ನಮ್ಮ ಊರು. ಹೋಬಳಿ ಕೇಂದ್ರವೆಂಬ ಹೆಸರಿದ್ದರೂ ಹಳ್ಳಿಯೇ. ತೆಂಗು, ರಾಗಿ, ನೀರಿದ್ದವರಿಗೆ ಒಂದಿಷ್ಟು ಅಡಿಕೆ. ಉಳಿದಂತೆ ಮಳೆಯ ದಾರಿ ಕಾಯುವ ಬಯಲುಸೀಮೆ. ನಮ್ಮದು ಕ್ರೈಸ್ತ ಕುಟುಂಬ. ಭಾನುವಾರದ ಆರಾಧನೆಗೆ ಬೆಳಿಗ್ಗೆ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಬೇಕು. ಮಳೆಯಿರಲಿ, ಸುಗ್ಗಿಯಿರಲಿ, ನಾವು ಅದನ್ನು ತಪ್ಪಿಸಿದವರಲ್ಲ. ರಾತ್ರಿ ಊಟಕ್ಕೆ ಮುಂಚೆ ಮನೆಮಂದಿಯೆಲ್ಲ ಕುಳಿತು ಬೈಬಲ್ ಓದಿ ಪ್ರಾರ್ಥಿಸುವುದು ಅಜ್ಜನ ಕಾಲದಿಂದ ನಡೆದುಬಂದ ಪದ್ಧತಿ. ಕೊಬ್ಬರಿ ಮಾರಿದ ಹಣದಲ್ಲಿ ಹತ್ತರಲ್ಲೊಂದು ಪಾಲನ್ನು ದೇವರದೆಂದು ತೆಗೆದಿಡುತ್ತಿದ್ದೆವು. ಇಷ್ಟೆಲ್ಲ ಇದ್ದ ಮೇಲೆ ನಮ್ಮ ಆರಾಧನೆಯಲ್ಲಿ ಕೊರತೆ ಏನಿದ್ದೀತು ಎಂದು ನಾವು ಯಾವತ್ತೂ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳುವಂತೆ ಮಾಡಿದ್ದು ಒಂದು ಕೊಳವೆ ಬಾವಿ.

ನಮ್ಮ ತೋಟದ ಪಕ್ಕದಲ್ಲೇ ದೊಡ್ಡಪ್ಪನ ಮಗನ ತೋಟ. ಅವರು ನಮಗಿಂತ ಹಿರಿಯರು, ಅಣ್ಣ ಎಂದೇ ಕರೆದು ಬೆಳೆದವರು ನಾವು. ಭಾಗವಾದ ಮೇಲೆ ಎರಡೂ ಮನೆಯವರು ಸೇರಿ ದುಡ್ಡು ಹಾಕಿ ಕೊಳವೆ ಬಾವಿ ಕೊರೆಸಿದೆವು. ನೀರು ಬಿದ್ದದ್ದು ನಮ್ಮ ಪಾಲಿನ ಜಮೀನಿನಲ್ಲಿ. ವಾರದಲ್ಲಿ ನಾಲ್ಕು ದಿನ ನಮಗೆ, ಮೂರು ದಿನ ಅಣ್ಣನಿಗೆ ಎಂದು ಬಾಯಿಮಾತಿನಲ್ಲೇ ಒಪ್ಪಂದವಾಯಿತು. ಬಾವಿಯಿಂದ ಎರಡು ಪೈಪುಗಳು ಹೊರಟವು. ಒಂದೊಂದಕ್ಕೂ ಒಂದೊಂದು ವಾಲ್ವ್. ಬಹಳ ವರ್ಷ ಯಾವ ತಕರಾರೂ ಇರಲಿಲ್ಲ.

ಆಮೇಲೆ ಬರ ಬಂತು. 2016-17ರ ಬರವನ್ನು ಕಡೂರು, ಅರಸೀಕೆರೆ ಕಡೆಯ ತೆಂಗಿನ ರೈತರು ಮರೆಯಲಾರರು. ಕೆರೆಗಳು ಒಣಗಿದವು, ಕೊಳವೆ ಬಾವಿಗಳು ಕೈಕೊಟ್ಟವು, ಫಲಕ್ಕೆ ನಿಂತ ಮರಗಳು ಕಣ್ಣೆದುರೇ ಸತ್ತವು. ನಮ್ಮ ಬಾವಿಯಲ್ಲೂ ನೀರು ಇಳಿಯಿತು. ಇಬ್ಬರಿಗೂ ಸಾಲದು ಎಂದು ಗೊತ್ತಾದ ದಿನ ನಾವು ಅಣ್ಣನ ಕಡೆಯ ವಾಲ್ವ್ ತಿರುಗಿಸಿ ಬಂದ್ ಮಾಡಿದೆವು. ‘ಬಾವಿ ಇರುವುದು ನಮ್ಮ ಜಮೀನಿನಲ್ಲಿ, ಪಹಣಿ ನಮ್ಮ ಹೆಸರಿನಲ್ಲಿದೆ’ ಎಂದೆವು. ಅಣ್ಣ ಎರಡು ಸಲ ಬಂದು ಕೇಳಿದರು. ಮೂರನೆಯ ಸಲ ಬರಲಿಲ್ಲ. ಅವರ ಮರಗಳ ಗರಿಗಳು ಜೋತುಬಿದ್ದವು, ಕೊನೆಗೆ ಸುಳಿಯೇ ಕಳಚಿಬಿತ್ತು. ಮೂವತ್ತೆಂಟು ಮರ.

ಆ ವರ್ಷದ ಸುಗ್ಗಿ ಹಬ್ಬಕ್ಕೆ ನಾವು ಚರ್ಚಿಗೆ ತೆಂಗಿನ ಗೊನೆ ಒಯ್ದೆವು. ಬೆಳೆದದ್ದರಲ್ಲಿ ಮೊದಲ ಪಾಲನ್ನು ದೇವರ ಮುಂದಿಟ್ಟು, ಆರಾಧನೆ ಮುಗಿದ ಮೇಲೆ ಹರಾಜು ಹಾಕಿ, ಬಂದ ಹಣವನ್ನು ಸಭೆಯ ಕೆಲಸಕ್ಕೆ ಬಳಸುವುದು ನಮ್ಮಲ್ಲಿ ರೂಢಿ. ಬರಗಾಲದಲ್ಲಿ ಅಂಥ ಗೊನೆ ನೋಡಿ ಎಲ್ಲರೂ ಬೆರಗಾದರು. ಹರಾಜು ಜೋರಾಗಿ ಏರಿತು. ದೇವರು ನಮ್ಮನ್ನು ಕೈಬಿಡಲಿಲ್ಲ ಎಂದು ನಾವು ಸಾಕ್ಷಿಯನ್ನೂ ಹೇಳಿದೆವು. ಆ ಗೊನೆಯೊಳಗಿದ್ದ ನೀರಿನಲ್ಲಿ ಅಣ್ಣನ ಪಾಲೂ ಇತ್ತು ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು.

ಅಣ್ಣ ಆರಾಧನೆಗೆ ಬರುವುದನ್ನು ಬಿಟ್ಟರು. ಅವರ ವಿಶ್ವಾಸ ಕುಗ್ಗಿದೆ ಎಂದು ಸಭೆಯಲ್ಲಿ ಮಾತಾಯಿತು. ನಾವು ರಾತ್ರಿಯ ಪ್ರಾರ್ಥನೆಯಲ್ಲಿ ಅವರ ಹೆಸರು ಹೇಳಿ, ‘ದಾರಿ ತಪ್ಪಿದವರನ್ನು ತಿರುಗಿ ಕರೆದುಕೊಂಡು ಬಾ ಕರ್ತನೇ’ ಎಂದು ಬೇಡುತ್ತಿದ್ದೆವು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ದಾರಿಗೆ ಅಡ್ಡ ನಿಂತಿದ್ದವರು ನಾವೇ.

ನಮ್ಮ ದಕ್ಷಿಣ ಭಾರತ ಸಭೆ 1947ರಲ್ಲಿ ಹಲವು ಪಂಗಡಗಳು ಸೇರಿ ಆದದ್ದು. 1950ರಲ್ಲಿ ಸಭೆಯು ಕರ್ತನ ಭೋಜನದ ಆರಾಧನೆಗೆ ಹೊಸ ಕ್ರಮವೊಂದನ್ನು ರೂಪಿಸಿತು. ಅದರಲ್ಲಿ ಕಾಣಿಕೆ ಅರ್ಪಿಸುವ ಮೊದಲು ಒಬ್ಬರಿಗೊಬ್ಬರು ಸಮಾಧಾನ ಕೊಡಬೇಕು. ಪಕ್ಕದವರ ಅಂಗೈಯನ್ನು ನಮ್ಮ ಎರಡೂ ಕೈಗಳಲ್ಲಿ ಹಿಡಿಯುತ್ತೇವೆ; ಅವರು ತಮ್ಮ ಪಕ್ಕದವರದನ್ನು ಹಿಡಿಯುತ್ತಾರೆ. ಹೀಗೆ ಅದು ಬಲಿಪೀಠದಿಂದ ಹೊರಟು ಕಡೆಯ ಬೆಂಚಿನವರೆಗೂ ಸಾಗುತ್ತದೆ. ಕೇರಳದ ಪುರಾತನ ಸಿರಿಯನ್ ಕ್ರೈಸ್ತರ ಆರಾಧನೆಯಿಂದ ಪಡೆದ ಪದ್ಧತಿಯಿದು. ಅದು ಕಾಣಿಕೆಗೆ ಮೊದಲೇ ಬರುವುದಕ್ಕೆ ಕಾರಣವಿದೆ. ಬಲಿಪೀಠದ ಹತ್ತಿರ ಕಾಣಿಕೆ ತಂದಾಗ, ಸಹೋದರನಿಗೆ ನಿನ್ನ ಮೇಲೆ ಏನೋ ಬೇಸರವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಟ್ಟು ಹೋಗಿ ಮೊದಲು ರಾಜಿಯಾಗಬೇಕು, ಆಮೇಲೆ ಬಂದು ಅರ್ಪಿಸಬೇಕು ಎಂದು ಯೇಸುಸ್ವಾಮಿ ಹೇಳಿದ್ದು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿದೆ. ಗಮನಿಸಬೇಕು: ನಿನಗೆ ಅವನ ಮೇಲೆ ಸಿಟ್ಟಿದ್ದರೆ ಎಂದಲ್ಲ, ಅವನಿಗೆ ನಿನ್ನ ಮೇಲೆ ಇದ್ದರೆ ಎಂದು. ನಾವು ತಿಂಗಳು ತಿಂಗಳೂ ಪಕ್ಕದವರ ಕೈ ಹಿಡಿದು ಸಮಾಧಾನ ಕೊಟ್ಟೆವು. ಯಾರ ಕೈ ಹಿಡಿಯಬೇಕಿತ್ತೋ ಅವರು ಆ ಚರ್ಚಿನಲ್ಲೇ ಇರಲಿಲ್ಲ.

2018ರ ಬೇಸಿಗೆಯಲ್ಲಿ ನಮ್ಮ ಮೋಟಾರು ಸುಟ್ಟಿತು. ಅದನ್ನು ಮೊದಲು ಇಳಿಸಿದ್ದ ಮುಸ್ಲಿಂ ಮೆಕ್ಯಾನಿಕ್ ಬಂದರು. ಪೈಪು ಎತ್ತುವಾಗ ಆ ಕಡೆಯ ವಾಲ್ವಿಗೆ ತುಕ್ಕು ಹಿಡಿದದ್ದನ್ನು ನೋಡಿ, “ಯಜಮಾನ್ರೇ, ದೊಡ್ಡವರ ಕಡೆಗೆ ನೀರು ಬಿಡ್ತಿಲ್ವಾ? ಬೋರು ಕೊರೆಸುವಾಗ ಇಬ್ರೂ ದುಡ್ಡು ಎಣಿಸಿ ಕೊಟ್ಟಿದ್ದು ನಾನೇ ನೋಡಿದೀನಲ್ಲ?” ಎಂದರು. ನಾವು ಬರದ ಕಥೆ ಹೇಳಿದೆವು, ಪಹಣಿಯ ಕಥೆ ಹೇಳಿದೆವು. ಅವರು ಕೈ ಒರೆಸಿಕೊಳ್ಳುತ್ತ ಹೇಳಿದರು: “ನಮ್ಮಲ್ಲೊಂದು ಮಾತಿದೆ. ಸೋಮವಾರ, ಗುರುವಾರ ಸ್ವರ್ಗದ ಬಾಗಿಲು ತೆಗೀತಾರಂತೆ, ಎಲ್ಲರಿಗೂ ಕ್ಷಮೆ ಸಿಗುತ್ತಂತೆ. ಜಗಳ ಇಟ್ಟುಕೊಂಡ ಇಬ್ಬರಿದ್ದರೆ ಮಾತ್ರ ಅವರದನ್ನ ಆ ಕಡೆ ಎತ್ತಿಡಿ, ರಾಜಿ ಆಗೋವರೆಗೂ ಕಾಯಿರಿ ಅಂತಾರಂತೆ. ನಂದೂ ಒಂದು ಹಾಗೆ ಬಾಕಿ ಇದೆ ಯಜಮಾನ್ರೇ, ಅದಕ್ಕೇ ಹೇಳಿದೆ.” ಪ್ರವಾದಿ ಮುಹಮ್ಮದ್(ಸ)ರ ಈ ವಚನ ಹದೀಸ್ ಸಂಗ್ರಹಗಳಲ್ಲಿದೆ ಎಂದು ಆಮೇಲೆ ತಿಳಿಯಿತು. ಆ ದಿನ ಮಾತ್ರ ನಮಗೆ ನಮ್ಮ ಮತ್ತಾಯನೇ ಬೇರೆ ಬಾಯಿಂದ ಮಾತಾಡಿದಂತಾಯಿತು.

ನಿಜವಾದ ಆರಾಧನೆ ಯಾವುದು ಎಂಬ ಪ್ರಶ್ನೆ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿದೆ. ಆ ಮಾತುಕತೆ ನಡೆದದ್ದು ದೇವಾಲಯದಲ್ಲಲ್ಲ, ಒಂದು ಬಾವಿಯ ಬಳಿ. ಯೇಸುಸ್ವಾಮಿ ಸಮಾರ್ಯದ ಹೆಂಗಸಿನ ಹತ್ತಿರ ಕುಡಿಯಲು ನೀರು ಕೇಳಿದರು. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯಿರಲಿಲ್ಲವಾದ್ದರಿಂದ ಆಕೆಗೆ ಆಶ್ಚರ್ಯವಾಯಿತು. ಆಮೇಲೆ ಆಕೆ ಕೇಳಿದ್ದು, ಆರಾಧಿಸಬೇಕಾದ್ದು ನಮ್ಮ ಈ ಬೆಟ್ಟದಲ್ಲೋ, ನಿಮ್ಮ ಜೆರೂಸಲೇಮಿನಲ್ಲೋ ಎಂದು. ಸ್ಥಳ ಯಾವುದೆಂಬುದಲ್ಲ, ಆತ್ಮದಿಂದಲೂ ಸತ್ಯದಿಂದಲೂ ಆರಾಧಿಸಬೇಕು ಎಂಬರ್ಥದ ಉತ್ತರ ಬಂತು. ನಾವು ‘ಆತ್ಮ’ದ ಬಗ್ಗೆ ಬೇಕಾದಷ್ಟು ಪ್ರಸಂಗ ಕೇಳಿದ್ದೆವು. ಕಣ್ಣೀರಿಟ್ಟು ಹಾಡುವುದೇ ಅದೆಂದುಕೊಂಡಿದ್ದೆವು. ‘ಸತ್ಯ’ ಎಂದರೇನು ಎಂದು ಮಾತ್ರ ಯೋಚಿಸಿರಲಿಲ್ಲ. ನಮ್ಮ ಮಟ್ಟಿಗೆ ಆ ಸತ್ಯ ತುಕ್ಕು ಹಿಡಿದ ಒಂದು ವಾಲ್ವಾಗಿತ್ತು.

ಮರುದಿನ ಸಂಜೆ ಅಣ್ಣನ ಮನೆಗೆ ಹೋದೆವು. ಅತ್ತಿಗೆ ಒಳಗೆ ಹೋಗಿ ನೀರು ತಂದುಕೊಟ್ಟರು. ಅದನ್ನು ಕುಡಿಯುವುದು ಬಹಳ ಕಷ್ಟವಾಯಿತು. “ಅಣ್ಣಾ, ನಾವು ಮಾಡಿದ್ದು ತಪ್ಪು. ನಾಳೆಯಿಂದ ನಿಮ್ಮ ಸರದಿ ನಿಮಗೆ” ಎಂದೆವು. ಅಣ್ಣ ಬಹಳ ಹೊತ್ತು ಸುಮ್ಮನಿದ್ದು, “ನೀರು ತಗೊಂಡು ಏನ್ ಮಾಡ್ಲಿ ತಮ್ಮಾ? ಮರಗಳೇ ಇಲ್ವಲ್ಲ” ಎಂದರು. ಕ್ಷಮಿಸಿದೆ ಎಂದು ಹೇಳಲಿಲ್ಲ. ಹೇಳಿ ಎಂದು ಕೇಳುವ ಹಕ್ಕು ನಮಗಿರಲಿಲ್ಲ.

ತಪ್ಪಾಯಿತು ಎಂಬ ಮಾತಿನಿಂದ ಸತ್ತ ಮರ ಚಿಗುರುವುದಿಲ್ಲ. ನೀರಿನ ಸರದಿಯನ್ನು ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿದೆವು. ಆ ಮಳೆಗಾಲದಲ್ಲಿ ಅಣ್ಣನ ತೋಟಕ್ಕೆ ನಮ್ಮ ಖರ್ಚಿನಲ್ಲಿ ಮೂವತ್ತೆಂಟು ತೆಂಗಿನ ಸಸಿ ಹಾಕಿಸಿದೆವು. ನಮ್ಮ ಕಡೆಯ ತೆಂಗು ಫಲಕ್ಕೆ ಬರಲು ಆರೇಳು ವರ್ಷ ಬೇಕು. ಅಲ್ಲಿಯವರೆಗೆ ವರ್ಷವರ್ಷದ ಕೊಬ್ಬರಿಯಲ್ಲಿ ಅವರಿಗೊಂದು ಪಾಲು ಕೊಡುತ್ತ ಬಂದೆವು. ಮೊದಲ ವರ್ಷ ಅವರು ಅದನ್ನು ಮುಟ್ಟಲಿಲ್ಲ. ಎರಡನೆಯ ವರ್ಷ ಅತ್ತಿಗೆ ಬಂದು ತೆಗೆದುಕೊಂಡು ಹೋದರು.

ಹಾಗಾದರೆ ಚರ್ಚು, ಹಾಡು, ಕಾಣಿಕೆ ಎಲ್ಲ ಬೇಡವೇ, ಒಳ್ಳೆಯವರಾಗಿದ್ದರೆ ಸಾಕೇ ಎಂದು ಯಾರಾದರೂ ಕೇಳಬಹುದು. ಸುವಾರ್ತೆ ಹಾಗೆನ್ನುವುದಿಲ್ಲ. ರಾಜಿಯಾದ ಮೇಲೆ ಬಂದು ಕಾಣಿಕೆ ಅರ್ಪಿಸು ಎನ್ನುತ್ತದೆ. ಕುರ್‌ಆನಿನ ‘ಅಲ್ ಮಾಊನ್’ ಅಧ್ಯಾಯವೂ ನಮಾಝ್ ಬೇಡವೆನ್ನುವುದಿಲ್ಲ. ತೋರಿಕೆಗಾಗಿ ನಮಾಝ್ ಮಾಡುತ್ತ, ನೆರೆಯವರಿಗೆ ಬಳಕೆಯ ಸಣ್ಣ ವಸ್ತುವನ್ನೂ ಕೊಡದವರನ್ನು ಎಚ್ಚರಿಸುತ್ತದೆ. ಆರಾಧನೆ ಬಿಟ್ಟಿದ್ದರೆ ನಮಗೆ ಈ ತಪ್ಪು ಕಾಣುತ್ತಲೇ ಇರಲಿಲ್ಲವೇನೋ. ತಿಂಗಳು ತಿಂಗಳೂ ಆ ಸಮಾಧಾನದ ಹೊತ್ತಿನಲ್ಲಿ ಎದೆಯೊಳಗೆ ಏನೋ ಚುಚ್ಚುತ್ತಿದ್ದುದಂತೂ ನಿಜ.

ಅಣ್ಣ ಈಗಲೂ ಪ್ರತಿ ಭಾನುವಾರ ಆರಾಧನೆಗೆ ಬರುವುದಿಲ್ಲ. ಯಾವಾಗಲಾದರೊಮ್ಮೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಅವರಿಗಾಗಿ ಮೊದಲಿನಂತೆ ಪ್ರಾರ್ಥಿಸುವುದನ್ನು ನಾವು ನಿಲ್ಲಿಸಿದ್ದೇವೆ. ನಮಗಾಗಿಯೇ ಪ್ರಾರ್ಥಿಸುವುದು ಬೇಕಾದಷ್ಟಿದೆ. ಅವರ ತೋಟದಲ್ಲಿ ಕೆಲವು ಗಿಡಗಳು ಹೊಂಬಾಳೆ ಬಿಟ್ಟಿವೆ. ನಾವಂತೂ ಭಾನುವಾರ ಬಸ್ಸಿಗೆ ಹೊರಡುವ ಮುಂಚೆ ತೋಟಕ್ಕೆ ಹೋಗಿ ಆ ಕಡೆಯ ವಾಲ್ವ್ ಬಿಟ್ಟು, ಪೈಪಿನಲ್ಲಿ ನೀರು ಹೋಗುತ್ತಿದೆಯೇ ಎಂದು ನೋಡಿ ಬರುತ್ತೇವೆ. ಬರೆದ ಕಾಗದದ ಪ್ರಕಾರ ಭಾನುವಾರ ಅಣ್ಣನ ಸರದಿ.