ಕಾಣುವುದೂ ಕಾಣಿಸುವುದೂ

ಲೋಕದಲ್ಲಿ ಪ್ರತಿಯೊಬ್ಬನೂ ಎರಡು ಕಣ್ಣುಗಳಿಂದ ನೋಡುವನು. ಆದರೆ ತಾನು ಎರಡು ಚಿತ್ರಗಳನ್ನು ನೋಡುತ್ತಿರುವೆನೆಂದು ಯಾರೂ ಭಾವಿಸುವುದಿಲ್ಲ. ಬಲಗಣ್ಣಿಗೆ ತೋರುವ ಕಂಬವು ಎಡಗಣ್ಣಿಗೆ ತುಸು ಪಕ್ಕದಲ್ಲಿ ತೋರುವುದು. ಈ ಅಲ್ಪಭೇದವನ್ನು ಮನಸ್ಸು ಒಂದುಗೂಡಿಸಿ, ಅದರಿಂದಲೇ ದೂರ ಸಮೀಪಗಳನ್ನು ಅಳೆಯುವುದು. ಚಾರ್ಲ್ಸ್ ವೀಟ್‌ಸ್ಟನ್ನನು 1838ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಸಂಗತಿಯನ್ನು ವಿವರಿಸಿದನು. ಎರಡು ಕನ್ನಡಿಗಳನ್ನೂ ಎರಡು ರೇಖಾಚಿತ್ರಗಳನ್ನೂ ಜೋಡಿಸಿ, ಚಪ್ಪಟೆಯಾದ ಕಾಗದದಿಂದ ಘನಾಕೃತಿಯು ಎದ್ದು ನಿಲ್ಲುವಂತೆ ಮಾಡಿದುದೇ ಅವನ ಪ್ರಮಾಣ. ಇಂದಿನವರು ತಲೆಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ಟೆಂಬ ಯಂತ್ರವು ಆ ಕನ್ನಡಿಗಳ ವಂಶದಲ್ಲಿಯೇ ಹುಟ್ಟಿದುದು.

ಈ ಯಂತ್ರದಲ್ಲಿ ಚಿತ್ರವನ್ನು ರಚಿಸುವ ಕಾರ್ಯಕ್ಕೆ ರೆಂಡರಿಂಗ್ ಎಂದು ಹೆಸರು. ಸೆಕೆಂಡಿಗೆ 90 ಚಿತ್ರಗಳನ್ನು ತೋರಿಸುವ ಯಂತ್ರಕ್ಕೆ ಒಂದೊಂದು ಚಿತ್ರಕ್ಕೂ ದೊರೆಯುವ ಅವಕಾಶವು ಸುಮಾರು 11 ಮಿಲಿಸೆಕೆಂಡುಗಳು ಮಾತ್ರ. ಅಷ್ಟರಲ್ಲಿ ಎರಡು ಕಣ್ಣುಗಳ ಪಾಲೂ ಮುಗಿಯಬೇಕು. ತಡವಾದರೆ ತಲೆಯು ತಿರುಗಿದ ಮೇಲೆ ಲೋಕವು ತಿರುಗುವುದು. ನೋಡುವವನಿಗೆ ಓಕರಿಕೆ ಬರುವುದು. ಆದುದರಿಂದ ಎಡಗಣ್ಣಿಗಾಗಿ ದೃಶ್ಯವನ್ನೆಲ್ಲ ಒಮ್ಮೆ, ಬಲಗಣ್ಣಿಗಾಗಿ ಮತ್ತೊಮ್ಮೆ ಬರೆಯಿಸುವ ಕ್ರಮವನ್ನು ಬಿಟ್ಟು, ಒಂದೇ ಅಪ್ಪಣೆಯಿಂದ ಪ್ರತಿಯೊಂದು ವಸ್ತುವನ್ನೂ ಎರಡು ಕಣ್ಣುಗಳಿಗೂ ಬರೆಯಿಸುವ ಕ್ರಮವನ್ನು ಅನೇಕರು ಆರಿಸುವರು. ಇದರಲ್ಲಿ ಶ್ರಮವು ಉಳಿಯುವುದು ನಿಜ. ಆದರೆ ಹಳೆಯ ಕ್ರಮಕ್ಕಾಗಿ ಬರೆದ ವಸ್ತುವೊಂದು ಹಾಗೆಯೇ ಉಳಿದಿದ್ದರೆ ಅದು ಒಂದೇ ಕಣ್ಣಿಗೆ ತೋರಿ, ಮತ್ತೊಂದಕ್ಕೆ ಇಲ್ಲದೆ ಹೋಗುವುದೂ ಉಂಟು. ಒಂದು ಕಣ್ಣು ಉಂಟೆನ್ನುವುದು, ಒಂದು ಕಣ್ಣು ಇಲ್ಲವೆನ್ನುವುದು. ಇಂತಹ ವ್ಯಾಜ್ಯವನ್ನು ಮನಸ್ಸು ಬಹಳ ಹೊತ್ತು ಸಹಿಸಲಾರದು.

ಇದಕ್ಕಿಂತಲೂ ಮೇಲಾದ ಪ್ರಶ್ನೆಯೊಂದಿರುವುದು. ನೋಡುವವನ ಮುಂದಿರುವ ನಿಜವಾದ ಕೋಣೆಯನ್ನು ಏನು ಮಾಡಬೇಕು? 2019ರಲ್ಲಿ ಕ್ರೋನೋಸ್ ಗ್ರೂಪ್ ಎಂಬ ಸಂಘವು ಹೊರತಂದ ಓಪನ್‌ಎಕ್ಸ್‌ಆರ್ ನಿಯಮಾವಳಿಯಲ್ಲಿ ಇದಕ್ಕೆ ಮೂರು ಉತ್ತರಗಳುಂಟು. ಕೋಣೆಯನ್ನು ಪೂರ್ತಿಯಾಗಿ ಮರೆಮಾಡುವುದು ಒಂದು. ಇದು ವರ್ಚುವಲ್ ರಿಯಾಲಿಟಿಯ ದಾರಿ, ಅಕ್ಷರಶಃ ಕಣ್ಕಟ್ಟು. ಕೋಣೆಯ ಬೆಳಕಿಗೆ ಚಿತ್ರದ ಬೆಳಕನ್ನು ಕೂಡಿಸುವುದು ಎರಡನೆಯದು. ಎಲ್ಲಿ ಚಿತ್ರ, ಎಲ್ಲಿ ಕೋಣೆ ಎಂಬುದನ್ನು ಚುಕ್ಕೆಚುಕ್ಕೆಗೂ ನಿರ್ಣಯಿಸಿ ಬೆರಸುವುದು ಮೂರನೆಯದು. ಕ್ಯಾಮರಾದ ಮೂಲಕ ಹೊರಗನ್ನು ಕಾಣಿಸುವ ಯಂತ್ರಗಳಿಗೆ ಇದು ಒಗ್ಗುವುದು.

ಎರಡನೆಯ ದಾರಿಯೇ ಅತ್ಯಂತ ಸ್ವಾರಸ್ಯವುಳ್ಳದು. ಸಂಜೆಯಲ್ಲಿ ದೀಪ ಹಚ್ಚಿದ ಮನೆಯ ಕಿಟಕಿಯ ಗಾಜಿನಲ್ಲಿ ಒಳಗಿನ ದೀಪದ ಬಿಂಬವೂ ಹೊರಗಿನ ಮರವೂ ಕೂಡಿಯೇ ಕಾಣುವುವಷ್ಟೆ. ಇದೂ ಅದೇ ರೀತಿಯದು. 1968ರಲ್ಲಿ ಅಮೆರಿಕೆಯ ಐವನ್ ಸದರ್‌ಲ್ಯಾಂಡನು ಪ್ರಕಟಿಸಿದ, ಛಾವಣಿಯಿಂದ ಇಳಿಬಿಟ್ಟ ತೋಳಿಗೆ ಜೋಡಿಸಿದ್ದ ಯಂತ್ರದಲ್ಲಿ ಬೆಳಕಿನ ಗೆರೆಗಳು ಕೋಣೆಯ ವಸ್ತುಗಳ ಮೇಲೆ ಹೀಗೆಯೇ ತೇಲುತ್ತಿದ್ದುವು. 2016ರಲ್ಲಿ ಹೊರಬಂದ ಹೋಲೋಲೆನ್ಸ್ ಸಹ ಇದೇ ಜಾತಿಯದು. ಇಲ್ಲಿ ಬೆಳಕನ್ನು ಕೂಡಿಸಬಹುದೇ ಹೊರತು ಕಳೆಯಲಾಗದು. ಆದುದರಿಂದ ಕಪ್ಪೆಂಬ ಬಣ್ಣವೇ ಇಲ್ಲ! ಚಿತ್ರಕಾರನು ಕಪ್ಪೆಂದು ಬರೆದುದು ನೋಡುವವನಿಗೆ ಬರಿಯ ಬಯಲು. ಹಿನ್ನೆಲೆಗೆ ಕಪ್ಪನ್ನು ಕೊಟ್ಟರೆ ಕೋಣೆಯು ತಾನಾಗಿ ಕಾಣುವುದು. ಆದರೆ ಮೇಜಿನ ಮೇಲೆ ಇರಿಸಿದ ಕಲ್ಪಿತ ಹೂಜಿಗೆ ಕಪ್ಪು ನೆರಳನ್ನು ಬರೆದರೆ ಆ ನೆರಳು ಬೀಳುವುದೇ ಇಲ್ಲ. ನೆರಳಿಲ್ಲದ ವಸ್ತುವು ನೆಲಕ್ಕೆ ತಾಗದೆ ತೇಲುವಂತೆ ತೋರುವುದು. ದೇವತೆಗಳಿಗೆ ನೆರಳಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈ ಯಂತ್ರದ ಹೂಜಿಗೂ ಆ ಭಾಗ್ಯವು ಬಂದಿರುವುದು.

ಮೊದಲನೆಯ ದಾರಿಯಲ್ಲಿ ಕಪ್ಪೂ ಉಂಟು, ನೆರಳೂ ಉಂಟು. ಆದರೆ ಕಾಲಬಳಿಯ ಮೇಜು ಮಾಯವಾಗಿರುವುದು. ಇಂದ್ರಪ್ರಸ್ಥದ ಮಯಸಭೆಯಲ್ಲಿ ದುರ್ಯೋಧನನು ನೀರನ್ನು ನೆಲವೆಂದು ನಂಬಿ ಕಾಲಿಟ್ಟು ಬಿದ್ದನು. ನಕ್ಕವರನ್ನು ಎಲ್ಲರೂ ದೂರಿದರು. ಸಭೆಯನ್ನು ಕಟ್ಟಿದ ಮಯನನ್ನು ಯಾರೂ ಕೇಳಲಿಲ್ಲ. ಮೂರನೆಯ ದಾರಿಯಲ್ಲಿ ನೆರಳನ್ನೂ ಬರೆಯಬಹುದು, ಮೇಜೂ ಕಾಣುವುದು. ಆದರೆ ಆ ಮೇಜನ್ನು ಕಾಣುವುದು ಮನುಷ್ಯನ ಕಣ್ಣಲ್ಲ, ಕ್ಯಾಮರಾ. ಕ್ಯಾಮರಾ ನಿಂತರೆ ಕೋಣೆಯೂ ನಿಲ್ಲುವುದು.

ಹೀಗೆ ಪ್ರತಿಯೊಂದು ದಾರಿಯಲ್ಲಿಯೂ ಒಂದು ಲಾಭ, ಒಂದು ನಷ್ಟ. ಪ್ರೋಗ್ರಾಂ ಬರೆಯುವವನಿಗೆ ಈ ಆಯ್ಕೆಯು ಪಟ್ಟಿಯೊಂದರ ಒಂದು ಗೆರೆ. ಹೆಡ್‌ಸೆಟ್ಟು ಧರಿಸಿ ಎದ್ದು ನಡೆಯುವವನಿಗೋ ಅದು ಕಾಲೂರುವ ನೆಲ. ನೋಡುವವನು ಭ್ರಮೆಗೊಳ್ಳಲು ಒಪ್ಪಿಯೇ ಬಂದಿರುವನು. ಎಷ್ಟು ಭ್ರಮೆಗೆ ಒಪ್ಪಿರುವನೆಂಬುದನ್ನು ಕಟ್ಟುವವನು ಮರೆಯಬಾರದು. ಏನನ್ನು ಕಾಣಿಸಬಲ್ಲೆನೆಂದು ಕೇಳಿಕೊಳ್ಳುವುದು ಜಾಣತನ. ಏನನ್ನು ಮರೆಮಾಡುತ್ತಿರುವೆನೆಂದು ಕೇಳಿಕೊಳ್ಳುವುದು ಧರ್ಮ.